ಟ್ಯಾಬ್ಲೆಟ್‌ಗೆ ಎಫ್‌ಎಂ ಸಿಂಥ್ ಆ್ಯಪ್: ಪ್ರೀಸೆಟ್ ಎಣಿಸುವ ಮೊದಲು ನೋಡಬೇಕಾದದ್ದು

ಐಪ್ಯಾಡ್‌ನ ಆ್ಯಪ್ ಸ್ಟೋರ್‌ನಲ್ಲಿ ಎಫ್‌ಎಂ ಸಿಂಥ್ ಎಂದು ಹುಡುಕಿದರೆ ಹೆಸರುಗಳಿಗೆ ಬರವಿಲ್ಲ. ಎಫ್‌ಎಂ ಎಂಬ ವಿಧಾನದಿಂದ ವಾದ್ಯದ ನಾದ ಹುಟ್ಟಿಸುವ ಆ್ಯಪ್‌ಗಳಿವು. ಒಂದು ಆ್ಯಪ್ ನೂರಾರು ಪ್ರೀಸೆಟ್, ಅಂದರೆ ಸಿದ್ಧ ನಾದಗಳನ್ನು, ಕೊಡುತ್ತೇನೆ ಎನ್ನುತ್ತದೆ, ಇನ್ನೊಂದು ಎಂಬತ್ತರ ದಶಕದ ಅಸಲಿ ನಾದ ನನ್ನದೇ ಎನ್ನುತ್ತದೆ, ಮತ್ತೊಂದರ ಚಿತ್ರದ ತುಂಬ ಗುಂಡಿಗಳು ಮತ್ತು ಗ್ರಾಫ್‌ಗಳು. ಹೊಸದಾಗಿ ಸಂಗೀತ ಮಾಡಲು ಕೂತವರು ಸಾಮಾನ್ಯವಾಗಿ ಪ್ರೀಸೆಟ್ ಹೆಚ್ಚಿರುವುದನ್ನೇ ಕೊಳ್ಳುತ್ತಾರೆ. ಕೆಲವು ದಿನ ಖುಷಿಯಿಂದ ನುಡಿಸುತ್ತಾರೆ. ‘ಈ ನಾದ ಇನ್ನೊಂದಿಷ್ಟು ಮೆತ್ತಗಿದ್ದರೆ ನನ್ನ ಹಾಡಿಗೆ ಸರಿಯಾಗುತ್ತಿತ್ತು’ ಅನ್ನಿಸಿದಾಗ ಎಲ್ಲಿ ಕೈಹಾಕಬೇಕೆಂದು ತಿಳಿಯದೆ ಆ್ಯಪ್ ಮೂಲೆಗೆ ಬೀಳುತ್ತದೆ.

ಇದರಲ್ಲಿ ಅವರ ತಪ್ಪೇನೂ ಇಲ್ಲ. ಎಫ್‌ಎಂ (ಫ್ರೀಕ್ವೆನ್ಸಿ ಮಾಡ್ಯುಲೇಶನ್) ಸಿಂಥಸಿಸ್‌ಗೆ ಕಷ್ಟದ ವಿದ್ಯೆ ಎಂಬ ಹೆಸರು ಬಂದು ನಾಲ್ಕು ದಶಕವಾಯಿತು. ನನ್ನ ಪ್ರಕಾರ ಆ ಹೆಸರು ಬಂದದ್ದು ವಿದ್ಯೆಯಿಂದಲ್ಲ, ಅದನ್ನು ಹೊತ್ತುಬಂದ ಯಂತ್ರದ ಸಣ್ಣ ಪರದೆಯಿಂದ. ಒಳಗಿನ ತತ್ವ ಒಮ್ಮೆ ಕಿವಿಗೆ ಹತ್ತಿದರೆ ಯಾವ ಆ್ಯಪ್ ನಮಗೆ ಬೇಕು, ಯಾವುದು ಬೇಡ ಎಂದು ಅದರ ಪರದೆಯ ಚಿತ್ರ ನೋಡಿಯೇ ಮುಕ್ಕಾಲು ಪಾಲು ಹೇಳಬಹುದು. ಹಾಗಾಗಿ ಮೊದಲು ತತ್ವ, ಆಮೇಲೆ ಆ್ಯಪ್‌ಗಳ ಮಾತು.

ಕಂಪಿತ ವೇಗವಾದರೆ ಏನಾಗುತ್ತದೆ

ಕಂಪಿತ ಗಮಕದಲ್ಲಿ ಸ್ವರದ ಶ್ರುತಿ ಮೇಲೆ ಕೆಳಗೆ ತೂಗುತ್ತದೆ, ಸೆಕೆಂಡಿಗೆ ಐದಾರು ಸಲ ಎನ್ನೋಣ. ತೂಗಾಟ ನಮಗೆ ಸ್ಪಷ್ಟವಾಗಿ ಕೇಳಿಸುತ್ತದೆ. ಕಂಠಕ್ಕೂ ಬೆರಳಿಗೂ ಅದಕ್ಕಿಂತ ತುಂಬ ವೇಗ ಸಾಧ್ಯವಿಲ್ಲ, ಕಂಪ್ಯೂಟರ್‌ಗೆ ಸಾಧ್ಯ. ಸೆಕೆಂಡಿಗೆ ಇಪ್ಪತ್ತು ಮೂವತ್ತು ಸಲ ತೂಗಿಸಿದರೆ ಸ್ವರ ಒರಟಾಗುತ್ತದೆ. ಇನ್ನೂರು ಸಲ ತೂಗಿಸಿದರೆ ತೂಗಾಟವೇ ಕೇಳಿಸುವುದಿಲ್ಲ. ಬದಲಿಗೆ ಸ್ವರದ ನಾದಗುಣವೇ ಬದಲಾಗಿಬಿಡುತ್ತದೆ. ಶುದ್ಧ ಶಿಳ್ಳೆಯಂತಿದ್ದದ್ದು ತುತ್ತೂರಿಯಂತೆಯೋ ಗಂಟೆಯಂತೆಯೋ ಕೇಳಿಸತೊಡಗುತ್ತದೆ.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಸಂಗೀತ ರಚನೆಕಾರ ಜಾನ್ ಚೌನಿಂಗ್ 1967ರಲ್ಲಿ ಕಂಡುಕೊಂಡದ್ದು ಇದನ್ನೇ. ಅವರು ಕಂಪ್ಯೂಟರ್‌ನಲ್ಲಿ ವಿಬ್ರಾಟೋವನ್ನು, ಅಂದರೆ ಸ್ವರದ ತೂಗಾಟವನ್ನು, ಅತಿಗೆ ಒಯ್ದು ಕೇಳುತ್ತಿದ್ದರು. 1973ರಲ್ಲಿ ಪ್ರಬಂಧ ಪ್ರಕಟಿಸಿದರು, 1977ರಲ್ಲಿ ಪೇಟೆಂಟ್ ಸಿಕ್ಕಿತು. ಜಪಾನಿನ ಯಮಾಹಾ ಅದರ ಪರವಾನಗಿ ಪಡೆಯಿತು. ಸ್ಟ್ಯಾನ್‌ಫರ್ಡ್‌ಗೆ ಅತಿ ಹೆಚ್ಚು ಹಣ ತಂದ ಪೇಟೆಂಟ್‌ಗಳಲ್ಲಿ ಇದೂ ಒಂದು. ರೇಡಿಯೋದ ಎಫ್‌ಎಂ ಕೂಡ ಇದೇ ತತ್ವದ್ದು. ಅಲ್ಲಿ ತೂಗುವುದು ಕಿವಿಗೆ ಕೇಳದ ರೇಡಿಯೋ ಅಲೆ, ಇಲ್ಲಿ ತೂಗುವುದು ಕೇಳುವ ಸ್ವರ.

ತೂಗಿಸಿಕೊಳ್ಳುವ ಸ್ವರಕ್ಕೆ ಕ್ಯಾರಿಯರ್ ಎಂದು ಹೆಸರು. ತೂಗಿಸುವುದಕ್ಕೆ ಮಾಡ್ಯುಲೇಟರ್. ಮಾಡ್ಯುಲೇಟರ್‌ನ ದನಿ ನಮಗೆ ನೇರವಾಗಿ ಕೇಳಿಸುವುದೇ ಇಲ್ಲ, ಅದು ಕ್ಯಾರಿಯರ್ ಮೇಲೆ ಮಾಡುವ ಪರಿಣಾಮ ಮಾತ್ರ ಕೇಳಿಸುತ್ತದೆ.

ಈಗ ಸ್ವಲ್ಪ ಲೆಕ್ಕ. ಕೂಡುವುದು ಕಳೆಯುವುದು ಬಂದರೆ ಸಾಕು. ಕ್ಯಾರಿಯರ್ 200 ಹರ್ಟ್ಸ್ (ಸೆಕೆಂಡಿಗೆ 200 ಕಂಪನ), ಮಾಡ್ಯುಲೇಟರ್ ಕೂಡ 200 ಹರ್ಟ್ಸ್ ಇರಲಿ. ಕ್ಯಾರಿಯರ್‌ನ ಎರಡೂ ಬದಿಗೆ 200ರ ಹೆಜ್ಜೆಯಲ್ಲಿ ಹೊಸ ಆವೃತ್ತಿಗಳು ಹುಟ್ಟುತ್ತವೆ: 400, 600, 800 ಹೀಗೆ. ಇವೆಲ್ಲ 200ರ ಮಗ್ಗಿಯೇ ಆದ್ದರಿಂದ ಕಿವಿಗೆ ಒಂದೇ ಸ್ವರ ತುಂಬಿದ ನಾದವಾಗಿ ಕೇಳುತ್ತದೆ. ಮಾಡ್ಯುಲೇಟರ್ ಅನ್ನು 400ಕ್ಕೆ ಏರಿಸಿ. ಈಗ ಬರುವುದು 200, 600, 1000. ನಡುವಿನ ಸಮಸಂಖ್ಯೆಯ ಹಾರ್ಮೋನಿಕ್‌ಗಳು, ಅಂದರೆ 200ರ ಎರಡು, ನಾಲ್ಕು ಪಟ್ಟಿನವು, ಮಾಯ. ಕ್ಲಾರಿನೆಟ್‌ನ ಕೆಳಸ್ವರದಲ್ಲಿರುವಂಥ ಪೊಳ್ಳು ನಾದ ಸಿಗುತ್ತದೆ. ಇನ್ನು ಮಾಡ್ಯುಲೇಟರ್ ಅನ್ನು 280ಕ್ಕೆ ಇಡಿ. ಕೂಡಿದರೆ 480, 760. ಕಳೆದರೆ ಸೊನ್ನೆಯ ಕೆಳಗೆ ಹೋದವು ಮಡಚಿಕೊಂಡು 80, 360 ಆಗಿ ಬರುತ್ತವೆ. ಇವಕ್ಕೂ 200ಕ್ಕೂ ಮಗ್ಗಿಯ ಸಂಬಂಧವಿಲ್ಲ. ಕಿವಿ ಇದನ್ನು ಲೋಹ ಎಂದು ಗುರುತಿಸುತ್ತದೆ. ಚೌನಿಂಗ್ ತಮ್ಮ ಪ್ರಬಂಧದಲ್ಲಿ ಗಂಟೆಗೆ ಕೊಟ್ಟ ಅನುಪಾತ ಇದೇ, 1ಕ್ಕೆ 1.4.

ಅನುಪಾತ ಹೊಸ ಆವೃತ್ತಿಗಳು ಎಲ್ಲಿ ಹುಟ್ಟಬೇಕು ಎಂಬುದನ್ನು ನಿರ್ಧರಿಸುತ್ತದೆ. ಎಷ್ಟು ಹುಟ್ಟಬೇಕು ಎಂಬುದನ್ನು ನಿರ್ಧರಿಸುವುದು ಮಾಡ್ಯುಲೇಟರ್‌ನ ಲೆವೆಲ್. ಲೆವೆಲ್ ಸೊನ್ನೆಯಾದರೆ ಬರೀ ಶಿಳ್ಳೆ. ಏರಿಸುತ್ತಾ ಹೋದಂತೆ ನಾದ ತುಂಬುತ್ತದೆ, ಹೊಳೆಯುತ್ತದೆ, ಕೊನೆಗೆ ಕರ್ಕಶವಾಗುತ್ತದೆ.

ಈ ಲೇಖನದ ತಿರುಳು ಇಲ್ಲಿದೆ. ಆ ಲೆವೆಲ್ ಒಂದೇ ಕಡೆ ನಿಲ್ಲುವುದಿಲ್ಲ, ನಿಲ್ಲಬಾರದು. ಗಂಟೆ ಹೊಡೆದ ಕ್ಷಣದಲ್ಲಿ ಝಣ್ ಎಂದು ಹೊಳಪು ಇರುತ್ತದೆ, ಕ್ರಮೇಣ ಹೊಳಪು ಆರಿ ಗುಂಯ್ ಎಂಬ ಉಳಿಕೆ ನಿಲ್ಲುತ್ತದೆ. ಎಂದರೆ ಮಾಡ್ಯುಲೇಟರ್‌ನ ಲೆವೆಲ್ ಮೇಲಿಂದ ಶುರುವಾಗಿ ಇಳಿಯಬೇಕು. ತುತ್ತೂರಿಯಲ್ಲಿ ಉಸಿರು ತುಂಬಿದಂತೆ ಹೊಳಪು ಏರುತ್ತದೆ. ಅಲ್ಲಿ ಲೆವೆಲ್ ಕೆಳಗಿಂದ ಮೇಲೆ ಹೋಗಬೇಕು. ಈ ಏರಿಳಿತದ ನಕ್ಷೆಗೇ ಎನ್ವಲಪ್ ಎನ್ನುವುದು. ಅನಲಾಗ್ ಸಿಂಥ್‌ನಲ್ಲಿ ಹೊಳಪು ಸೋಸುವ ಫಿಲ್ಟರ್ ಮಾಡುವ ಕೆಲಸವನ್ನು ಎಫ್‌ಎಂನಲ್ಲಿ ಮಾಡ್ಯುಲೇಟರ್‌ನ ಎನ್ವಲಪ್ ಮಾಡುತ್ತದೆ. ಎಫ್‌ಎಂ ನಾದದ ಜೀವ ಅಲ್ಲಿದೆ. ಆದ್ದರಿಂದ ಯಾವ ಆ್ಯಪ್ ಮಾಡ್ಯುಲೇಟರ್‌ನ ಎನ್ವಲಪ್ ಅನ್ನು ಬೇಗನೆ, ದೊಡ್ಡದಾಗಿ, ನಾದ ಕೇಳುತ್ತಿರುವಾಗಲೇ ಕೈಗೆ ಕೊಡುತ್ತದೋ ಅದೇ ಒಳ್ಳೆಯ ಎಫ್‌ಎಂ ಆ್ಯಪ್. ಉಳಿದ ಗುಣಗಳೆಲ್ಲ ಇದರ ನಂತರ.

ಡಿಎಕ್ಸ್7 ಬಿಟ್ಟುಹೋದ ಆಸ್ತಿ

1983ರಲ್ಲಿ ಯಮಾಹಾ ತಂದ ಡಿಎಕ್ಸ್7 ಕೀಬೋರ್ಡ್‌ನ ನೆರಳು ಇವತ್ತಿನ ಬಹುತೇಕ ಎಫ್‌ಎಂ ಆ್ಯಪ್‌ಗಳ ಮೇಲಿದೆ, ಅದನ್ನು ತಿಳಿಯದೆ ಆ್ಯಪ್‌ನ ಪದಗಳು ಅರ್ಥವಾಗುವುದಿಲ್ಲ. ಅದರಲ್ಲಿ ಒಂದು ಸ್ವರಕ್ಕೆ ಆರು ಆಪರೇಟರ್. ಆಪರೇಟರ್ ಎಂದರೆ ಒಂದು ಸೈನ್ ಅಲೆ (ಶುದ್ಧ ಶಿಳ್ಳೆಯಂಥದ್ದು) ಮತ್ತು ಅದರದೇ ಎನ್ವಲಪ್. ಅದನ್ನು ಕ್ಯಾರಿಯರ್ ಆಗಿಯೂ ಬಳಸಬಹುದು, ಮಾಡ್ಯುಲೇಟರ್ ಆಗಿಯೂ ಬಳಸಬಹುದು. ಆರನ್ನು ಯಾವುದರ ತಲೆಯ ಮೇಲೆ ಯಾವುದು ಎಂದು ಜೋಡಿಸುವ ನಕ್ಷೆಗಳಿಗೆ ಆಲ್ಗರಿದಂ ಎಂದು ಹೆಸರು, ಅಂಥವು 32. ಒಟ್ಟಿಗೆ 16 ಸ್ವರ ನುಡಿಯುತ್ತಿದ್ದವು. ಅಂದರೆ ಒಂದೇ ಹೊತ್ತಿಗೆ 96 ಆಪರೇಟರ್‌ಗಳ ಲೆಕ್ಕ, ಅದೂ 1983ರ ಚಿಪ್‌ಗಳಲ್ಲಿ. ಇಂದಿನ ಹಳೆಯ ಟ್ಯಾಬ್ಲೆಟ್‌ಗೂ ಈ ಲೆಕ್ಕ ಭಾರವಲ್ಲ. ಎಫ್‌ಎಂಗೆಂದು ದುಬಾರಿ ಐಪ್ಯಾಡ್ ಪ್ರೊ ಕೊಳ್ಳುವ ಅಗತ್ಯ ಖಂಡಿತ ಇಲ್ಲ.

ಆ ಕೀಬೋರ್ಡ್‌ನಲ್ಲಿ ಎರಡು ಸಾಲಿನ ಪುಟ್ಟ ಪರದೆ, ಚಪ್ಪಟೆ ಬಟನ್‌ಗಳು, ಮೌಲ್ಯ ಬದಲಿಸಲು ಒಂದೇ ಸ್ಲೈಡರ್. ಒಂದು ಸಲಕ್ಕೆ ಒಂದೇ ಅಂಕಿ ಕಾಣುತ್ತಿತ್ತು. ಆರು ಆಪರೇಟರ್‌ಗಳ ಎನ್ವಲಪ್‌ಗಳನ್ನು ಹಾಗೆ ಒಂದೊಂದೇ ಅಂಕಿಯಾಗಿ ತಿದ್ದುವುದು ಯಾರಿಗಾದರೂ ಕಷ್ಟ. ಬಹುತೇಕರು ಪ್ರೀಸೆಟ್‌ಗಳಲ್ಲೇ ಉಳಿದರು. ಅದರಿಂದಾಗಿಯೇ ಎಂಬತ್ತರ ದಶಕದ ಪಾಶ್ಚಾತ್ಯ ಪಾಪ್ ಸಂಗೀತದ ತುಂಬ ಒಂದೇ ಗಾಜಿನಂಥ ಎಲೆಕ್ಟ್ರಿಕ್ ಪಿಯಾನೋ ಕೇಳಿಸುತ್ತದೆ. ಇ ಪಿಯಾನೋ 1 ಎಂಬ ಆ ಪ್ರೀಸೆಟ್‌ನಲ್ಲಿ 5ನೇ ಆಲ್ಗರಿದಂ ಇದೆ: ಎರಡೆರಡು ಆಪರೇಟರ್‌ಗಳ ಮೂರು ಜೋಡಿ. ಅದರಲ್ಲೊಂದು ಜೋಡಿಯ ಮಾಡ್ಯುಲೇಟರ್ ಕ್ಯಾರಿಯರ್‌ಗಿಂತ 14 ಪಟ್ಟು ಮೇಲಿದೆ. ಕೀ ಒತ್ತಿದ ಕ್ಷಣ ಕೇಳುವ ಟಿಣ್ ಎಂಬ ಲೋಹದ ಹೊಡೆತ ಅದರದೇ. ಆರು ಆಪರೇಟರ್‌ನ ಯಾವುದೇ ಆ್ಯಪ್‌ನಲ್ಲಿ ಈ ಪ್ರೀಸೆಟ್ ತೆರೆದು, ಆ ಮಾಡ್ಯುಲೇಟರ್‌ನ ಲೆವೆಲ್ ಮಾತ್ರ ಇಳಿಸಿ ನೋಡಿ. ಟಿಣ್ ಮಾಯವಾಗಿ ಮೆತ್ತಗಿನ ಪಿಯಾನೋ ಉಳಿಯುತ್ತದೆ. ಎಫ್‌ಎಂ ಕಲಿಯಲು ನನಗೆ ಗೊತ್ತಿರುವ ಅತ್ಯುತ್ತಮ ಮೊದಲ ಪಾಠ ಇದು.

ಡಿಎಕ್ಸ್7 ನಾದಗಳನ್ನು ಸಿಸೆಕ್ಸ್ ಎಂಬ, ನಾದದ ಸೆಟ್ಟಿಂಗ್‌ಗಳಷ್ಟೇ ಇರುವ ಕಡತಗಳಾಗಿ ಉಳಿಸುತ್ತಿದ್ದರು. ಒಂದು ಕಡತಕ್ಕೆ 32 ನಾದ, ಗಾತ್ರ 4104 ಬೈಟ್. ಸಂಗೀತಗಾರರು ದಶಕಗಳಿಂದ ಮಾಡಿಟ್ಟ ಇಂಥ ಕಡತಗಳು ಅಂತರ್ಜಾಲದಲ್ಲಿ ರಾಶಿ ರಾಶಿ ಉಚಿತವಾಗಿ ಸಿಗುತ್ತವೆ. ಆ್ಯಪ್ ಒಂದು ಈ ಕಡತ ಓದುತ್ತದೆ ಎಂದರೆ, ಅದರ ಜೊತೆ ಬಂದ ಪ್ರೀಸೆಟ್ ಎಷ್ಟು ಎಂಬ ಪ್ರಶ್ನೆಯೇ ಬಿದ್ದುಹೋಗುತ್ತದೆ.

ಎರಡೋ, ನಾಲ್ಕೋ, ಆರೋ

ಆಪರೇಟರ್ ಹೆಚ್ಚಿದ್ದಷ್ಟೂ ಒಳ್ಳೆಯದು ಎಂದು ಅನ್ನಿಸುವುದು ಸಹಜ, ಆದರೆ ನಿಜವಲ್ಲ. ಹಳೆಯ ಪಿಸಿಗಳ ಆ್ಯಡ್‌ಲಿಬ್ ಮತ್ತು ಸೌಂಡ್ ಬ್ಲಾಸ್ಟರ್ ಕಾರ್ಡ್‌ಗಳಲ್ಲಿ ಇದ್ದದ್ದು ಯಮಾಹಾದ ಎರಡು ಆಪರೇಟರ್ ಚಿಪ್. ಸೆಗಾ ಮೆಗಾ ಡ್ರೈವ್ ಗೇಮ್ ಯಂತ್ರದಲ್ಲಿ ನಾಲ್ಕು ಆಪರೇಟರ್‌ನದು. ಯಮಾಹಾದ್ದೇ ಟಿಎಕ್ಸ್81ಝಡ್ ಎಂಬ 1987ರ ಪೆಟ್ಟಿಗೆ ನಾಲ್ಕೇ ಆಪರೇಟರ್ ಇಟ್ಟುಕೊಂಡು, ಸೈನ್ ಬಿಟ್ಟು ಬೇರೆ ಆಕಾರದ ಅಲೆಗಳನ್ನೂ ಸೇರಿಸಿ ಎಂಟು ಬಗೆ ಕೊಟ್ಟಿತು. ಅದರ ಬೇಸ್ ನಾದವನ್ನು ನೃತ್ಯ ಸಂಗೀತದವರು ಇಂದಿಗೂ ಬಿಟ್ಟಿಲ್ಲ.

ಕಲಿಯುವವರಿಗೆ ನಾನು ಹೇಳುವುದು ನಾಲ್ಕು ಆಪರೇಟರ್. ಎರಡು ಜೋಡಿ ಎಂದರೆ ಒಂದರಲ್ಲಿ ಹೊಡೆತ, ಒಂದರಲ್ಲಿ ಒಡಲು. ಎಲ್ಲವೂ ಒಂದೇ ಪರದೆಯಲ್ಲಿ ಹಿಡಿಸುತ್ತದೆ. ಏನು ಮಾಡಿದ್ದಕ್ಕೆ ಏನು ಕೇಳಿತು ಎಂದು ತಲೆಯಲ್ಲಿ ಉಳಿಯುತ್ತದೆ. ಆರು ಆಪರೇಟರ್ ಬೇಕಾಗುವುದು ಡಿಎಕ್ಸ್7 ಕಡತಗಳನ್ನು ಓದಿಸಲು, ಅಥವಾ ಪದರ ಪದರವಾದ ಪಿಯಾನೋ, ತಂತಿ, ಗಂಟೆಗಳ ನಾದ ಕಟ್ಟಲು. ಒಂದು ಎಚ್ಚರಿಕೆ: ನಾಲ್ಕು ಆಪರೇಟರ್ ಯಂತ್ರಗಳ ಸಿಸೆಕ್ಸ್ ಕಡತದ ರೂಪವೇ ಬೇರೆ. ಟಿಎಕ್ಸ್81ಝಡ್‌ನ ಕಡತವನ್ನು ಡಿಎಕ್ಸ್7 ಮಾದರಿಯ ಆ್ಯಪ್‌ಗೆ ಹಾಗೇ ಕೊಟ್ಟರೆ ಆಗುವುದಿಲ್ಲ.

ಕೆಲವು ಕಡೆ ಎಫ್‌ಎಂ ಬದಲು ಪಿಎಂ, ಅಂದರೆ ಫೇಸ್ ಮಾಡ್ಯುಲೇಶನ್ ಎಂದು ಬರೆದಿರುತ್ತದೆ. ಗಾಬರಿ ಬೇಡ. ಡಿಎಕ್ಸ್7 ಒಳಗೆ ನಡೆಯುತ್ತಿದ್ದದ್ದೂ ಅದೇ. ಕಿವಿಗೆ ಫಲ ಒಂದೇ.

ದೇವಸ್ಥಾನದ ಗಂಟೆಯ ನಾದ ಕಟ್ಟಿ ನೋಡೋಣ

ಯಾವುದೇ ಆ್ಯಪ್ ಅಳೆಯಲು ನಾನು ಬಳಸುವ ಅಳತೆಗೋಲು ದೇವಸ್ಥಾನದ ಗಂಟೆ. ಪ್ರೀಸೆಟ್ ಮುಟ್ಟಬಾರದು, ಖಾಲಿ ನಾದದಿಂದಲೇ ಶುರುಮಾಡಬೇಕು. ಡಿಎಕ್ಸ್ ಆ್ಯಪ್‌ಗಳಲ್ಲಿ ಇದಕ್ಕೆ ಇನಿಟ್ ವಾಯ್ಸ್ ಎನ್ನುತ್ತಾರೆ.

ಎರಡನೇ ಆಪರೇಟರ್ ಒಂದನೆಯದರ ತಲೆಯ ಮೇಲೆ ಕೂತಿರುವ ಆಲ್ಗರಿದಂ ಆರಿಸಿ. ಒಂದನೆಯದು ಕ್ಯಾರಿಯರ್, ಅನುಪಾತ 1.00. ಎರಡನೆಯದು ಮಾಡ್ಯುಲೇಟರ್, ಅನುಪಾತ 1.40. ಕ್ಯಾರಿಯರ್‌ನ ಎನ್ವಲಪ್ ತಕ್ಷಣ ಏರಿ, ಎಲ್ಲೂ ನಿಲ್ಲದೆ, ಹತ್ತು ಹದಿನೈದು ಸೆಕೆಂಡ್ ತೆಗೆದುಕೊಂಡು ಸೊನ್ನೆಗೆ ಇಳಿಯಲಿ. ಈಗ ಮಧ್ಯಸ್ಥಾಯಿಯ ಒಂದು ಕೀ ಒತ್ತಿ ಹಿಡಿದು, ಮಾಡ್ಯುಲೇಟರ್‌ನ ಲೆವೆಲ್ ನಿಧಾನವಾಗಿ ಏರಿಸಿ. ಶಿಳ್ಳೆಗೆ ಮೊದಲು ತವರದ ಛಾಯೆ ಬರುತ್ತದೆ, ಆಮೇಲೆ ಕಂಚಿನದು. ಅಲ್ಲಿ ನಿಲ್ಲಿಸಿ. ಕೇಳಿದರೆ ಇನ್ನೂ ಗಂಟೆಯಾಗಿಲ್ಲ, ಹೊಳಪು ಕೊನೆಯವರೆಗೂ ಹಾಗೇ ಇದೆ, ಸೈರನ್‌ನಂತೆ. ಮಾಡ್ಯುಲೇಟರ್‌ಗೂ ಇಳಿಯುವ ಎನ್ವಲಪ್ ಕೊಡಿ, ಕ್ಯಾರಿಯರ್‌ಗಿಂತ ತುಸು ಬೇಗ ಇಳಿಯಲಿ. ಅಲ್ಲಿಗೆ ಗಂಟೆ ಬಂತು.

ಇನ್ನೊಂದು ಜೋಡಿಯನ್ನು ಇದರ ನಕಲಾಗಿ ಮಾಡಿ, ಅದರ ಶ್ರುತಿಯನ್ನು ಕೂದಲೆಳೆಯಷ್ಟು ಸರಿಸಿ. ಎರಡರ ನಡುವೆ ಒಂದು ಹರ್ಟ್ಸ್ ಅಂತರವಿದ್ದರೆ ಸೆಕೆಂಡಿಗೊಂದು ಅಲೆ ಎದ್ದು ಬೀಳುತ್ತದೆ. ಎರಕದ ಗಂಟೆ ಯಾವತ್ತೂ ನೂರಕ್ಕೆ ನೂರು ಸಮವಾಗಿರುವುದಿಲ್ಲ. ಅದರ ಒಡಲಿನ ಎರಡು ಹತ್ತಿರದ ಕಂಪನಗಳು ಸೇರಿ ಇದೇ ಬಗೆಯ ಅಲೆ ಎಬ್ಬಿಸುತ್ತವೆ. ಆ ಅಲೆ ಸೇರಿದ ಕ್ಷಣ ನಾದ ಯಂತ್ರದ್ದು ಅನ್ನಿಸುವುದು ನಿಲ್ಲುತ್ತದೆ. ಎನ್ವಲಪ್‌ಗಳನ್ನೆಲ್ಲ ಒಂದು ಸೆಕೆಂಡಿನ ಐದನೇ ಒಂದು ಭಾಗಕ್ಕೆ ಮೊಟಕು ಮಾಡಿದರೆ ಅದೇ ಗಂಟೆ ಚರ್ಮವಾದ್ಯದ ಪೆಟ್ಟಿನಂತೆ ಕೇಳುತ್ತದೆ. ಅನುಪಾತ ಬದಲಿಸಿಲ್ಲ, ಕಾಲ ಮಾತ್ರ ಬದಲಾಗಿದೆ. ಚೌನಿಂಗ್ ಕೂಡ ಗಂಟೆಯಿಂದ ಡ್ರಮ್ಮಿಗೆ ಹೋದದ್ದು ಇದೇ ದಾರಿಯಲ್ಲಿ.

ಇಷ್ಟು ಮಾಡಲು ಎಷ್ಟು ಪುಟ ದಾಟಬೇಕಾಯಿತು? ಎರಡೂ ಎನ್ವಲಪ್‌ಗಳು ಒಟ್ಟಿಗೆ ಕಂಡವೇ? ಬೆರಳಿನಿಂದ ಗೆರೆ ಎಳೆದೇ ಬದಲಿಸಿದಿರೋ, ಅಥವಾ ಸಣ್ಣ ಅಂಕಿಗಳ ಮೇಲೆ ಬೆರಳು ಉಜ್ಜಬೇಕಾಯಿತೋ? ಸ್ವರ ನುಡಿಯುತ್ತಿರುವಾಗಲೇ ಬದಲಾವಣೆ ಕೇಳಿಸಿತೋ, ಕೀ ಮತ್ತೆ ಒತ್ತಬೇಕಾಯಿತೋ? ಆ್ಯಪ್ ಕೊಳ್ಳುವ ಮೊದಲು ಇದನ್ನು ಕೈಯಾರೆ ಮಾಡಲು ಆಗದಿರಬಹುದು. ಆದರೆ ಬಹುತೇಕ ಆ್ಯಪ್‌ಗಳನ್ನು ತೋರಿಸುವ ವಿಡಿಯೋಗಳಿವೆ. ಪ್ರೀಸೆಟ್ ನುಡಿಸಿ ತೋರಿಸುವ ಭಾಗ ಬಿಟ್ಟು, ನಾದ ತಿದ್ದುವ ಭಾಗಕ್ಕೆ ಹೋಗಿ ಇದೇ ಪ್ರಶ್ನೆಗಳನ್ನು ಹಾಕಿ.

ಯಾವ ಆ್ಯಪ್ ಯಾರಿಗೆ

ಡಿಎಕ್ಸ್7 ಕಡತಗಳೇ ನಿಮ್ಮ ಆಸೆಯಾದರೆ ಐಪ್ಯಾಡ್‌ನಲ್ಲಿ ಕೆಕ್ಯೂ ಡಿಕ್ಸಿ. ಆರು ಆಪರೇಟರ್, 32 ಆಲ್ಗರಿದಂ, ಸಿಸೆಕ್ಸ್ ಓದುತ್ತದೆ, ಬೇರೆ ಸಂಗೀತ ಆ್ಯಪ್‌ಗಳೊಳಗೆ ಪ್ಲಗಿನ್ ಆಗಿಯೂ ತೆರೆಯುತ್ತದೆ. ಮೊದಲು ಹೇಳಿದ ಪಿಯಾನೋ ಪಾಠಕ್ಕೆ ಇದೇ ಸಾಕು.

ಸ್ವಂತ ನಾದ ಕಟ್ಟುವುದು ಮುಖ್ಯ, ಹಳೆಯ ಕಡತಗಳ ಗೊಡವೆ ಬೇಡ ಎನ್ನುವವರಿಗೆ ಫ್ರಾನ್ಸ್‌ನ ಬ್ಲಿಯಾಸ್ ಸಂಸ್ಥೆಯ ಒಮೆಗಾ. ನಾಲ್ಕು ಆಪರೇಟರ್‌ಗಳ ಜೊತೆಗೆ ಫಿಲ್ಟರ್ ಮತ್ತು ಎಫೆಕ್ಟ್‌ಗಳೂ ಇವೆ. ಹಳೆಯ ಯಂತ್ರದ ನಕಲಾಗದೆ ಟಚ್ ಪರದೆಗೆಂದೇ ಯೋಚಿಸಿ ಮಾಡಿದ್ದು ಎದ್ದು ಕಾಣುತ್ತದೆ. ಪ್ರೈಮಲ್ ಆಡಿಯೋದ ಎಫ್‌ಎಂ4 ಕೂಡ ನಾಲ್ಕು ಆಪರೇಟರ್‌ನದು, ಹಳೆಯ ಸಣ್ಣ ಯಮಾಹಾಗಳ ಸ್ವಭಾವ ಬೇಕೆನ್ನುವವರಿಗೆ. ಆ್ಯಪಲ್‌ನ ಸಂಗೀತ ತಯಾರಿಕೆ ಆ್ಯಪ್ ಲಾಜಿಕ್ ಪ್ರೊದ ಚಂದಾ ಈಗಾಗಲೇ ಇದ್ದರೆ ಅದರ ರೆಟ್ರೊ ಸಿಂಥ್ ಒಳಗೇ ಸರಳ ಎಫ್‌ಎಂ ವಿಭಾಗವಿದೆ, ದುಡ್ಡು ಕೊಡುವ ಮೊದಲು ಅದರಲ್ಲಿ ಕೈ ಪಳಗಿಸಿಕೊಳ್ಳಬಹುದು.

ಆಡಿಯೋಕಿಟ್‌ನ ಎಫ್‌ಎಂ ಪ್ಲೇಯರ್ ಬಗ್ಗೆ ಸ್ವಲ್ಪ ವಿವರ ಬೇಕು, ಏಕೆಂದರೆ ಹುಡುಕಿದಾಗ ಅದು ಮೊದಲೇ ಕಣ್ಣಿಗೆ ಬೀಳುತ್ತದೆ. ಅದರಲ್ಲಿರುವುದು ಹಳೆಯ ಎಫ್‌ಎಂ ಯಂತ್ರಗಳಿಂದ ಧ್ವನಿಮುದ್ರಿಸಿಕೊಂಡ ಸ್ಯಾಂಪಲ್‌ಗಳು. ನುಡಿಸಲು ಚೆನ್ನಾಗಿದೆ, ಹಾಡಿಗೆ ತಕ್ಷಣ ಒಂದು ಪಿಯಾನೋ ಬೇಕೆಂದರೆ ನಾನೂ ಬೇಡ ಎನ್ನುವುದಿಲ್ಲ. ಆದರೆ ಒಳಗೆ ಆಪರೇಟರ್‌ಗಳಿಲ್ಲ. ಮಾಡ್ಯುಲೇಟರ್ ಇಳಿಸಿ ಟಿಣ್ ತೆಗೆಯುವುದು ಅಲ್ಲಿ ಸಾಧ್ಯವಿಲ್ಲ. ಹೀಗೆ ಸ್ಯಾಂಪಲ್ ಆಧಾರಿತ ಆ್ಯಪ್‌ಗಳು ಹಲವಿವೆ. ಚಿತ್ರಗಳಲ್ಲಿ ಎಲ್ಲೂ ಅನುಪಾತದ ಅಂಕಿಯೇ ಕಾಣದಿದ್ದರೆ ಅನುಮಾನಿಸಿ.

ಆ್ಯಂಡ್ರಾಯ್ಡ್ ಟ್ಯಾಬ್ಲೆಟ್‌ನವರಿಗೆ ಆಯ್ಕೆ ಕಡಿಮೆ ಎಂದು ನೇರವಾಗಿ ಹೇಳಬೇಕು. ಸಿಂಥ್ ಒಂದನ್ನು ಇನ್ನೊಂದು ಆ್ಯಪ್‌ನೊಳಗೆ ಪ್ಲಗಿನ್ ಆಗಿ ತೆರೆಯುವ, ಎಲ್ಲರೂ ಒಪ್ಪಿ ಬಳಸುವ ವ್ಯವಸ್ಥೆ ಅಲ್ಲಿ ಬೇರೂರಲಿಲ್ಲ. ಅಲ್ಲಿ ನನ್ನ ಮೊದಲ ಮಾತು ಸನ್‌ವಾಕ್ಸ್. ಅಲೆಕ್ಸಾಂಡರ್ ಝೊಲೊಟೊವ್ ಎಂಬ ಒಬ್ಬರೇ ವರ್ಷಗಳಿಂದ ಬೆಳೆಸಿಕೊಂಡು ಬಂದ ಕಾರ್ಯಕ್ರಮ ಅದು. ಆ್ಯಂಡ್ರಾಯ್ಡ್, ಐಪ್ಯಾಡ್, ವಿಂಡೋಸ್, ಲಿನಕ್ಸ್ ಎಲ್ಲದರಲ್ಲೂ ನಡೆಯುತ್ತದೆ. ಕಂಪ್ಯೂಟರ್‌ಗೆ ಉಚಿತ, ಮೊಬೈಲ್‌ಗೆ ಹಣ. ಅದರಲ್ಲಿ ಎರಡು ಆಪರೇಟರ್‌ನ ಎಫ್‌ಎಂ ಮಾಡ್ಯೂಲ್ ಇದೆ, ಐದು ಆಪರೇಟರ್‌ನ ಎಫ್‌ಎಂಎಕ್ಸ್ ಇದೆ. ಸ್ವರಗಳನ್ನು ಮೇಲಿಂದ ಕೆಳಗೆ ಸಾಲಾಗಿ ಬರೆಯುವ ಟ್ರ್ಯಾಕರ್ ಪದ್ಧತಿ ಮೊದಲಿಗೆ ಅಪರಿಚಿತ ಅನ್ನಿಸುತ್ತದೆ, ತಾಳ್ಮೆ ಬೇಕು. ಆದರೆ ನಾದವೂ ಹಾಡೂ ಒಂದೇ ಕಡೆ ಆಗುವುದರಿಂದ ಪ್ಲಗಿನ್ ಇಲ್ಲದ ಕೊರತೆ ಕಾಡುವುದಿಲ್ಲ.

ಕುತೂಹಲದ ಸಂಗತಿ ಎಂದರೆ, ಇಂದು ಕಂಪ್ಯೂಟರ್‌ಗಳಲ್ಲಿ ಅತಿ ಜನಪ್ರಿಯವಾದ ಉಚಿತ ಡಿಎಕ್ಸ್7 ಮಾದರಿ ಡೆಕ್ಸ್‌ಡ್‌ನ ಎಂಜಿನ್ ಮೊದಲು ಬರೆಯಲ್ಪಟ್ಟದ್ದು ಆ್ಯಂಡ್ರಾಯ್ಡ್‌ಗೆಂದೇ. ಗೂಗಲ್‌ನಲ್ಲಿದ್ದ ರಾಫ್ ಲೆವಿಯನ್ ಅದನ್ನು ಮುಕ್ತ ತಂತ್ರಾಂಶವಾಗಿ ಕೊಟ್ಟರು. ಡೆಕ್ಸ್‌ಡ್‌ನಿಂದ ಟ್ಯಾಬ್ಲೆಟ್‌ನವರಿಗೂ ಲಾಭವಿದೆ: ಮನೆಯ ಕಂಪ್ಯೂಟರ್‌ನ ದೊಡ್ಡ ಪರದೆಯಲ್ಲಿ ಆರೂ ಆಪರೇಟರ್ ಒಟ್ಟಿಗೆ ನೋಡುತ್ತಾ ನಾದ ಕಟ್ಟಿ, ಸಿಸೆಕ್ಸ್ ಆಗಿ ಉಳಿಸಿ, ಐಪ್ಯಾಡ್‌ನ ಡಿಎಕ್ಸ್7 ಮಾದರಿ ಆ್ಯಪ್‌ನಲ್ಲಿ ತೆರೆಯಬಹುದು.

ಪ್ಲಗಿನ್ ವಿಷಯ ಬಂದದ್ದರಿಂದ ಇನ್ನೊಂದು ಮಾತು. ಐಪ್ಯಾಡ್‌ನಲ್ಲಿ ಪ್ಲಗಿನ್ ವ್ಯವಸ್ಥೆಗೆ ಎಯುವಿ3 ಎಂದು ಹೆಸರು, 2015ರ ಐಒಎಸ್ 9ರ ಜೊತೆ ಬಂತು. ಉಚಿತ ಗ್ಯಾರೇಜ್‌ಬ್ಯಾಂಡ್ ಕೂಡ ಅದನ್ನು ತೆರೆಯುತ್ತದೆ. ಎಯುಎಂ, ಕ್ಯುಬೇಸಿಸ್, ಲಾಜಿಕ್ ಎಂಬ ಸಂಗೀತ ಆ್ಯಪ್‌ಗಳು ಕೂಡ. ಅದಕ್ಕೂ ಮೊದಲಿದ್ದ ಇಂಟರ್ ಆ್ಯಪ್ ಆಡಿಯೋ ವ್ಯವಸ್ಥೆಯನ್ನು ಆ್ಯಪಲ್ 2019ರಲ್ಲೇ ಹಿಂದೆ ಸರಿಸಿತು. ಆ್ಯಪ್‌ನ ವಿವರಣೆಯಲ್ಲಿ ಎಯುವಿ3 ಎಂಬ ಅಕ್ಷರಗಳಿಲ್ಲದಿದ್ದರೆ, ನಾದ ಎಷ್ಟೇ ಚೆನ್ನಾಗಿದ್ದರೂ ನಾನು ಕೊಳ್ಳುವುದಿಲ್ಲ. ಹಾಡಿನೊಳಗೆ ಆ ನಾದ ಸೇರಿಸುವಾಗ ಪ್ರತಿ ಸಲ ಹೆಣಗಬೇಕಾಗುತ್ತದೆ, ಮುಂದಿನ ವರ್ಷ ಅದೇ ಹಾಡು ತೆರೆದಾಗ ಸೆಟ್ಟಿಂಗ್‌ಗಳು ನೆನಪಿರುವುದಿಲ್ಲ.

ಗಾಜಿನ ಮೇಲೆ ಬೆರಳು

ಡಿಎಕ್ಸ್7 ಪಿಯಾನೋ ನುಡಿಸುವವರಿಗೆ ಇಷ್ಟವಾಗಲು ದೊಡ್ಡ ಕಾರಣ ಅದರ ಕೀಗಳು ಬೆರಳಿನ ವೇಗ ಗುರುತಿಸುತ್ತಿದ್ದದ್ದು. ಆ ವೇಗ ಕ್ಯಾರಿಯರ್‌ಗೆ ಹೋದರೆ ದನಿ ಜೋರಾಗುತ್ತದೆ, ಮಾಡ್ಯುಲೇಟರ್‌ಗೆ ಹೋದರೆ ನಾದಗುಣವೇ ಬದಲಾಗುತ್ತದೆ. ಮೆತ್ತಗೆ ಒತ್ತಿದರೆ ದುಂಡು, ಜೋರಾಗಿ ಹೊಡೆದರೆ ಬೊಗಳುವಂಥ ಹೊಳಪು. ಟ್ಯಾಬ್ಲೆಟ್‌ನ ಗಾಜಿಗೆ ಆ ವೇಗ ಸರಿಯಾಗಿ ತಿಳಿಯುವುದಿಲ್ಲ. ಪರದೆಯ ಕೀಗಳನ್ನು ಹೇಗೆ ಮುಟ್ಟಿದರೂ ಒಂದೇ ಫಲ ಬರುವುದರಿಂದ ಎಫ್‌ಎಂ ಎಂದರೆ ಪ್ಲಾಸ್ಟಿಕ್ ಎಂಬ ಅಭಿಪ್ರಾಯ ಹಲವರಲ್ಲಿ ಬೆಳೆದಿದೆ. ಎರಡನೇ ಆ್ಯಪ್ ಕೊಳ್ಳುವ ಹಣದಲ್ಲಿ ಒಂದು ಸಣ್ಣ 25 ಕೀಗಳ ಯುಎಸ್‌ಬಿ ಮಿಡಿ ಕೀಬೋರ್ಡ್‌ಗೆ (ಯಾವ ಕೀ, ಎಷ್ಟು ಜೋರು ಎಂದು ಆ್ಯಪ್‌ಗೆ ತಿಳಿಸುವಂಥದ್ದು) ಉಳಿತಾಯ ಶುರುಮಾಡಿ ಎಂದು ನಾನು ಮನಸ್ಸಿನಿಂದ ಹೇಳುತ್ತೇನೆ. ಹಾಗೆಯೇ ಬ್ಲೂಟೂತ್ ಹೆಡ್‌ಫೋನ್ ಬದಿಗಿಡಿ. ಆ್ಯಪ್‌ನ ಬಫರ್ (ದನಿ ಹೊರಬಿಡುವ ಮೊದಲು ಸೇರಿಸಿಡುವ ಅಂಕಿಗಳ ತುಣುಕು) 256 ಸ್ಯಾಂಪಲ್ ಇದ್ದರೆ 48 ಕಿಲೋಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 48 ಸಾವಿರ ಸ್ಯಾಂಪಲ್ ವೇಗದಲ್ಲಿ, ಆಗುವ ತಡ ಸುಮಾರು 5 ಮಿಲಿಸೆಕೆಂಡ್. ಬ್ಲೂಟೂತ್ ಅದಕ್ಕಿಂತ ಎಷ್ಟೋ ಪಟ್ಟು ತಡ ಸೇರಿಸುತ್ತದೆ, ತಾಳ ಕೈಗೆ ಸಿಗುವುದಿಲ್ಲ.

ಗಾಜಿಗೆ ಅದರದೇ ವರವೂ ಇದೆ: ಬೆರಳು ಜಾರುತ್ತದೆ. ಐಪ್ಯಾಡ್ ಮೇಲೆ ಕರ್ನಾಟಕ ಸಂಗೀತ ನುಡಿಸಿ ಹೆಸರಾದ ಮಹೇಶ್ ರಾಘವನ್ ಅವರು ಜಿಯೋಶ್ರೆಡ್ ಆ್ಯಪ್‌ನಲ್ಲಿ ಬೆರಳು ಜಾರಿಸಿಯೇ ಗಮಕ ತೆಗೆಯುತ್ತಾರೆ. ಜಿಯೋಶ್ರೆಡ್‌ನ ಸ್ವಂತ ನಾದ ಎಫ್‌ಎಂ ಅಲ್ಲ, ಆದರೆ ಅದರ ಪರದೆಯಿಂದ ಬೇರೆ ಸಿಂಥ್ ಆ್ಯಪ್‌ಗಳನ್ನು ನುಡಿಸಬಹುದು. ಹಾಗೆ ಮಾಡುವಾಗ ಪಿಚ್ ಬೆಂಡ್ ವ್ಯಾಪ್ತಿ, ಅಂದರೆ ಸ್ವರ ಎಷ್ಟು ದೂರ ಜಾರಬಹುದು ಎಂಬ ಮಿತಿ, ಎರಡೂ ಆ್ಯಪ್‌ಗಳಲ್ಲಿ ಒಂದೇ ಇರಬೇಕು. ಸಿಂಥ್‌ಗಳಲ್ಲಿ ಸಾಮಾನ್ಯವಾಗಿ ಆಚೀಚೆ ಎರಡು ಅರೆಸ್ವರ ಇರುತ್ತದೆ. ಜಾರು ಸಾಕಾಗುವುದಿಲ್ಲ, 12ಕ್ಕೆ ಏರಿಸಿ. ಒಂದೊಂದು ಬೆರಳಿಗೂ ಬೇರೆ ಜಾರು ಬೇಕಾದರೆ ಎಂಪಿಇ ಬೆಂಬಲ ಇರುವ ಸಿಂಥ್ ಬೇಕು. ಒಂದೇ ಎಳೆಯ ಆಲಾಪನೆಗೆ ಅದಿಲ್ಲದಿದ್ದರೂ ನಡೆಯುತ್ತದೆ. ಬೆರಳನ್ನು ಮೇಲೆ ಸರಿಸಿದಾಗ ಮಾಡ್ಯುಲೇಟರ್‌ನ ಲೆವೆಲ್ ಏರುವಂತೆ ಜೋಡಿಸಲು ಆ್ಯಪ್ ಬಿಟ್ಟರಂತೂ ಗಮಕದ ಜೊತೆಗೆ ನಾದವೂ ಅರಳುತ್ತದೆ.

ಜಾರಿಸುವಾಗಲೇ ಆ್ಯಪ್‌ನ ಒಳಗಿನ ಗುಣಮಟ್ಟವೂ ಬಯಲಾಗುತ್ತದೆ. 48 ಕಿಲೋಹರ್ಟ್ಸ್‌ನಲ್ಲಿ ನಡೆಯುವ ಆ್ಯಪ್ 24 ಕಿಲೋಹರ್ಟ್ಸ್‌ಗಿಂತ ಮೇಲಿನ ಆವೃತ್ತಿ ಹಿಡಿಯಲಾರದು. ಎಫ್‌ಎಂ ಅದಕ್ಕೂ ಮೇಲಿನವನ್ನು ಸುಲಭವಾಗಿ ಹುಟ್ಟಿಸುತ್ತದೆ, ಅವು ಮಡಚಿಕೊಂಡು ಕೆಳಗೆ ಬಂದು ಅಪಸ್ವರವಾಗುತ್ತವೆ. ಹೊಳಪು ಜಾಸ್ತಿ ಇಟ್ಟ ತಾರಸ್ಥಾಯಿಯ ಸ್ವರವೊಂದನ್ನು ನಿಧಾನವಾಗಿ ಮೇಲಕ್ಕೆ ಜಾರಿಸಿ. ಹಿನ್ನೆಲೆಯಲ್ಲಿ ಏನೋ ಒಂದು ಕೆಳಕ್ಕೆ ಇಳಿಯುತ್ತಿರುವಂತೆ ಕೇಳಿದರೆ ಅದು ಇದೇ ದೋಷ. ಡಿಎಕ್ಸ್7ನಲ್ಲಿ ಅಂಕಿಗಳನ್ನು ದನಿಯಾಗಿಸುವ 12 ಬಿಟ್ ಪರಿವರ್ತಕದ ಒಂದು ಒರಟುತನ ಇತ್ತು. ಅದನ್ನು ಬೇಕೆಂದೇ ಅನುಕರಿಸುವ ಆ್ಯಪ್‌ಗಳಿವೆ, ಅದು ಬೇರೆ ಮಾತು.

ಕೊಳ್ಳುವ ಮೊದಲು ಕೊನೆಯದಾಗಿ ಒಂದನ್ನು ನೋಡಿಕೊಳ್ಳಿ: ನೀವು ಕಟ್ಟಿದ ನಾದವನ್ನು ಆ್ಯಪ್‌ನಿಂದ ಹೊರಗೆ ತೆಗೆಯಲು ಬರುತ್ತದೆಯೇ? 2017ರಲ್ಲಿ ಐಒಎಸ್ 11 ಬಂದಾಗ ಹಳೆಯ ಮಾದರಿಯ 32 ಬಿಟ್ ಆ್ಯಪ್‌ಗಳೆಲ್ಲ ಒಮ್ಮೆಗೇ ನಿಂತುಹೋದವು. ಹೊಸದಾಗಿ ಬರೆಯದ ಸಿಂಥ್‌ಗಳ ಜೊತೆಗೆ ಅವುಗಳೊಳಗೆ ಜನ ಮಾಡಿಟ್ಟಿದ್ದ ನಾದಗಳೂ ಕೈತಪ್ಪಿದವು. 1983ರಲ್ಲಿ ಉಳಿಸಿದ ಡಿಎಕ್ಸ್7 ಕಡತ ಮಾತ್ರ ಇಂದೂ ತೆರೆಯುತ್ತದೆ. ಆರು ಆಪರೇಟರ್‌ನ ಆ್ಯಪ್ ಆದರೆ ಸಿಸೆಕ್ಸ್ ಆಗಿ ರಫ್ತು ಮಾಡುವ ಆಯ್ಕೆ ಇದೆಯೇ ಎಂದು ನೋಡಿ. ಬೇರೆ ಬಗೆಯದಾದರೆ ಪ್ರೀಸೆಟ್‌ಗಳು ಫೈಲ್ಸ್ ಆ್ಯಪ್‌ನಲ್ಲಿ ಕಡತವಾಗಿ ಕಾಣುತ್ತವೆಯೇ ನೋಡಿ. ಅದೂ ಇಲ್ಲದಿದ್ದರೆ ಇಷ್ಟದ ನಾದದ ಅನುಪಾತ, ಲೆವೆಲ್, ಎನ್ವಲಪ್ ಅಂಕಿಗಳು ಕಾಣುವ ಪುಟದ ಸ್ಕ್ರೀನ್‌ಶಾಟ್ ತೆಗೆದಿಡಿ. ಆ ಅಂಕಿಗಳಿದ್ದರೆ ಬೇರೊಂದು ಎಫ್‌ಎಂ ಆ್ಯಪ್‌ನಲ್ಲಿ ಆ ನಾದದ ಹತ್ತಿರಕ್ಕೆ ಮತ್ತೆ ಬರಬಹುದು.